ಎಡಕ್ಕೆ ನೋಡಿ ಹಿಂದಕ್ಕೆಳೆಯುವ ಶೈಲಿ

ಚಳಿ ಮುಗಿದಿತ್ತು, ಬಿಸಿಲು ಇನ್ನೂ ಹಲ್ಲು ತೋರಿಸಿರಲಿಲ್ಲ. ಊಟವಾದ ಜನ ಮಲಗುವುದೋ ಬೇಡವೋ ಎಂದು ಯೋಚಿಸುವ ಮಧ್ಯಾಹ್ನದ ಹೊತ್ತು. ನೀರಿನ ಮೀಟರ್ ಓದುವವನೊಬ್ಬ ಬೀದಿಯ ಕೊನೆಯ ಮನೆಯ ಬಾಗಿಲನ್ನು ಟಕ್ ಟಕ್ ಎಂದು ಬಡಿದು, "ನೀರು" ಎಂದ. ಎಲ್ಲ ಶುರುವಾದದ್ದು ಅಲ್ಲಿಂದ.

ಅವನನ್ನು ಊರೆಲ್ಲ ಕರೆಯುತ್ತಿದ್ದದ್ದು ಮೀಟರಪ್ಪ ಎಂದು. ಹೆಂಡತಿ ಮಾತ್ರ "ರೀ" ಎನ್ನುತ್ತಿದ್ದಳು, ಅದೂ ಸಿಟ್ಟಿಲ್ಲದ ದಿನ. ಹರೆಯದಿಂದ ಅದೇ ಕೆಲಸ ಮಾಡಿ ಮಾಡಿ ಆ ಎರಡು ಬಡಿತ, ಆ ಒಂದು ಮಾತು ಅವನ ಮೈಗೆ ಅಂಟಿಕೊಂಡಿದ್ದವು. ಮುಚ್ಚಿದ್ದು ಏನೇ ಇರಲಿ, ತೆಗೆಯುವ ಮುಂಚೆ ಬಡಿದು "ನೀರು" ಎನ್ನಬೇಕು. ಸ್ವಂತ ಮನೆಯ ಬೀರು ತೆಗೆಯುವಾಗಲೂ ಹಾಗೇ. ಮದುವೆಯಾದ ಹೊಸದರಲ್ಲಿ ಹೆಂಡತಿ ಲೋಟ ತುಂಬಿಸಿಕೊಂಡು ಓಡಿ ಬರುತ್ತಿದ್ದಳು. ಆಮೇಲೆ ಬಿಟ್ಟಳು.

ಮೀಟರಪ್ಪನಿಗೆ ಒಂದು ಹೆಮ್ಮೆ ಇತ್ತು. ಅವನು ತನ್ನನ್ನು ರಾಕ್ ಸಂಗೀತಗಾರ ಎಂದುಕೊಂಡಿದ್ದ. ಮನೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಸಣ್ಣದೊಂದು ಕೀಬೋರ್ಡ್ ಇಟ್ಟುಕೊಂಡು ಕುಟ್ಟುತ್ತಿದ್ದ. ಕಚೇರಿಯಲ್ಲಿ ಯಾರೇ ನಿವೃತ್ತರಾದರೂ ಅಂದು ಅವನದೇ ವಾದನ. ಕೇಳುತ್ತ ಕೇಳುತ್ತ ನಿವೃತ್ತರ ಕಣ್ಣಲ್ಲಿ ನೀರು ಬರುತ್ತಿತ್ತು. ಇನ್ನು ಮುಂದೆ ಇದನ್ನು ಕೇಳಬೇಕಾಗಿಲ್ಲವಲ್ಲ ಎಂಬ ಸಮಾಧಾನಕ್ಕೆ ಎಂದು ಆಗದವರು ಹೇಳುತ್ತಿದ್ದರು.

ಆ ಕೊನೆಯ ಮನೆಯಲ್ಲಿದ್ದವರು ಗುಡುಗು ಮೇಷ್ಟ್ರು. ಒಂದು ಕಾಲಕ್ಕೆ ಊರಿನ ಏಕೈಕ ರಾಕ್ ತಂಡದಲ್ಲಿ ಪಿಯಾನೊ ಬಾರಿಸಿದವರು. ಹಾಡು ಏರಿದಾಗ ಎದ್ದು ನಿಂತು, ಕೂತಿದ್ದ ಸ್ಟೂಲನ್ನು ಹಿಮ್ಮಡಿಯಿಂದ ಒದೆಯುವುದು ಅವರ ಹೆಸರುವಾಸಿ ವರಸೆ. ಒಂದು ಸಲ ಪುರಭವನದಲ್ಲಿ ಒದ್ದ ಸ್ಟೂಲು ಹಾರಿ ಮುಖ್ಯ ಅತಿಥಿಗಳ ಮಡಿಲಲ್ಲಿ ಕೂತಿತು. ಅಂದಿನಿಂದ ಪುರಭವನದ ಬಾಗಿಲು ಅವರಿಗೆ ಮುಚ್ಚಿತು. ತಂಡದವರು ಒಬ್ಬೊಬ್ಬರಾಗಿ ಚದುರಿದರು. ಮೇಷ್ಟ್ರಿಗೆ ಉಳಿದದ್ದು ಒಂದು ಬಾಡಿಗೆ ಕೋಣೆ ಮತ್ತು ಚಕ್ರಗಳ ಮೇಲೆ ನಿಂತ ಒಂದು ಹಳೇ ಪಿಯಾನೊ.

ಆ ಕೋಣೆಯ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದರ ನೆಲ ಇಳಿಜಾರು. ಜೋರಾಗಿ ಬಾರಿಸಿದರೆ ಪಿಯಾನೊ ಮೆಲ್ಲಗೆ ಮುಂದಕ್ಕೆ ಉರುಳಿಕೊಂಡು ಗೋಡೆಯ ಕಡೆ ಹೋಗುತ್ತಿತ್ತು. ಚಕ್ರಕ್ಕೆ ಕಲ್ಲು ಕೊಟ್ಟರೆ ಸ್ವರ ಕಟ್ಟಿಕೊಳ್ಳುತ್ತದೆ ಎಂದು ಮೇಷ್ಟ್ರ ನಂಬಿಕೆ. ಹಾಗಾಗಿ ಅವರು ಎಡಗಾಲನ್ನು ಪಿಯಾನೊದ ಕಾಲಿಗೆ ಸಿಕ್ಕಿಸಿಕೊಂಡು, ನಾಲ್ಕು ಸಾಲಿಗೊಮ್ಮೆ ಅದನ್ನು ತಮ್ಮ ಕಡೆಗೆ ಜಗ್ಗುತ್ತಿದ್ದರು. ಇನ್ನೊಂದು, ಅಡುಗೆ ಒಲೆ ಅವರ ಎಡಕ್ಕಿತ್ತು. ಅದರ ಮೇಲೆ ಸದಾ ಹಾಲು. ಆದ್ದರಿಂದ ಹಾಡಿನ ಮಧ್ಯೆ ಒಮ್ಮೆ ಕತ್ತು ತಿರುಗಿಸಿ ಎಡಕ್ಕೆ ದುರುಗುಟ್ಟಿ ನೋಡುತ್ತಿದ್ದರು. ವರ್ಷಗಟ್ಟಲೆ ಹೀಗೇ ಬಾರಿಸಿ, ತಾವು ಜಗ್ಗುವುದೂ ನೋಡುವುದೂ ಅವರಿಗೇ ತಿಳಿಯದಷ್ಟು ರೂಢಿಯಾಗಿತ್ತು.

ಅಂದು ಮೀಟರ್ ಪಿಯಾನೊದ ಹಿಂದೆ ಸಿಕ್ಕಿಕೊಂಡಿತ್ತು.

"ಸ್ವಲ್ಪ ಸರಿಸ್ತೀರಾ, ಓದ್ಕೋಬೇಕು" ಎಂದ ಮೀಟರಪ್ಪ.

"ಹಾಡು ನಡೀತಿದೆ. ನಿಂತ್ಕೊ" ಎಂದರು ಮೇಷ್ಟ್ರು.

ನಿಂತ. ಕೈ ನೋಡಿದ, ಜಗ್ಗುವ ಕಾಲು ನೋಡಿದ, ಎಡಕ್ಕೆ ಹೊರಳಿದ ಆ ಕೆಂಡದಂಥ ಕಣ್ಣು ನೋಡಿದ. ನೆಲ ನೋಡಲಿಲ್ಲ. ಬರೀ ಮೀಟರಿನ ಮುಳ್ಳು ನೋಡಿ ಬದುಕಿದವನಿಗೆ ನೆಲ ಎಲ್ಲಿ ಕಾಣಬೇಕು. ಹಾಡು ಮುಗಿಯುವಷ್ಟರಲ್ಲಿ ಮೀಟರ್ ಮರೆತಿದ್ದ.

"ಮೇಷ್ಟ್ರೇ, ನನಗೆ ಕಲಿಸಿ."

"ಕಲಿಸಲ್ಲ. ನಾನು ಬಾರಿಸ್ತೀನಿ, ನೀನು ನೋಡ್ಕೊ. ಪ್ರಶ್ನೆ ಮಾತ್ರ ಕೇಳ್ಬೇಡ. ಒಂದು ಪ್ರಶ್ನೆ ಕೇಳಿದ್ಯೋ, ಅವತ್ತೇ ಪಾಠ ಬಂದ್."

ಇಂಥ ಷರತ್ತಿಗೆ ಬೇರೆ ಯಾರಾದರೂ ಹಿಂದೆ ಮುಂದೆ ನೋಡುತ್ತಿದ್ದರು. ಮೀಟರಪ್ಪನಿಗೆ ಇದು ಹಬ್ಬವಾಯಿತು. ಹುಟ್ಟಿನಿಂದ ಅವನಿಗೆ ಪ್ರಶ್ನೆ ಕೇಳುವ ಚಟವೇ ಇರಲಿಲ್ಲ.

ನೋಡಿಕೊಂಡದ್ದನ್ನೆಲ್ಲ ಮನೆಗೆ ಹೊತ್ತು ತಂದ. ಇಸ್ತ್ರಿ ಮೇಜಿನ ಕಾಲಿಗೆ ಕಾಲು ಸಿಕ್ಕಿಸಿ ಜಗ್ಗಿದ. ಮೇಜು ಮಡಚಿಕೊಂಡು, ಕೀಬೋರ್ಡ್ ಸಮೇತ ಅವನ ಹೊಟ್ಟೆಯ ಮೇಲೆ ಬಂತು. ಎತ್ತಿ ನಿಲ್ಲಿಸಿ ಮತ್ತೆ ಜಗ್ಗಿದ. ಕಲೆ ಅಂದರೆ ಇಷ್ಟೂ ನೋವಿಲ್ಲದೆ ಬರುತ್ತದೆಯೇ. ಜಗ್ಗುವುದು ಒಂದು ಹದಕ್ಕೆ ಬಂದ ಮೇಲೆ ಎಡಕ್ಕೆ ನೋಡುವುದನ್ನು ಶುರು ಮಾಡಿದ. ಎಡಕ್ಕೆ ಸೋಫಾ. ಸೋಫಾದ ಮೇಲೆ ಅತ್ತೆ.

ಮೊದಲ ಎರಡು ಹಾಡು ಅತ್ತೆ ಸಹಿಸಿಕೊಂಡರು. ಮೂರನೆಯದಕ್ಕೆ ಮಗಳನ್ನು ಕರೆದರು.

"ನಾನಿರೋದು ಹೆಚ್ಚಾಯ್ತು ಅಂತಿದ್ರೆ ನಿನ್ನ ಗಂಡ ಬಾಯಲ್ಲಿ ಹೇಳ್ಲಿ. ಹಾಡಿನ ಮಧ್ಯ ಕಣ್ಣಲ್ಲಿ ಯಾಕೆ ಹೇಳ್ಬೇಕು?"

"ಅದು ಶೈಲಿ ಅತ್ತೆ" ಎಂದ ಮೀಟರಪ್ಪ.

"ನಿಮ್ಮ ಮಾವನೂ ಬದುಕಿದ್ದಾಗ ಹೀಗೇ ನೋಡ್ತಿದ್ರು. ಅದಕ್ಕೆ ನಾವು ಶೈಲಿ ಅಂತಿರ್ಲಿಲ್ಲ."

ಮರುದಿನವೇ ಭಾವಮೈದುನನ ಆಗಮನ. ಅವನು ವಿಮಾ ಕಂಪನಿಯಲ್ಲಿ ಅಪಘಾತ ಪರಿಶೀಲಿಸುವವನು. ಯಾರ ಮನೆಗೆ ಹೋದರೂ ಜೇಬಿನಲ್ಲಿ ಅಳತೆ ಟೇಪು. ಅಕ್ಕನ ಮನೆಯ ಪಡಸಾಲೆಯನ್ನು ಅಡ್ಡಡ್ಡ ಉದ್ದುದ್ದ ಅಳೆದ.

"ಘಟನೆ ನಡೆದಾಗ ಅಮ್ಮ ಯಾವ ಕಡೆ ಇದ್ದರು ಭಾವ?"

"ಎಡಕ್ಕೆ."

"ಅಮ್ಮ, ಬಲಕ್ಕೆ ಬನ್ನಿ. ಭಾವ, ಈಗ ಬಾರಿಸಿ."

ಅತ್ತೆ ಬಲಕ್ಕೆ ಬಂದರು. ಮೀಟರಪ್ಪ ಬಾರಿಸಿ, ಎಡಕ್ಕೆ ದುರುಗುಟ್ಟಿದ. ಸೋಫಾ ಖಾಲಿಯಾದ್ದರಿಂದ ನೋಟ ಹೋಗಿ ಅದರಾಚೆಯ ಫ್ರಿಜ್ಜಿಗೆ ನಾಟಿತು.

"ನೋಡಿದ್ಯಾ" ಎಂದರು ಅತ್ತೆ ಮಗನಿಗೆ. "ಈಗ ನಾನು ತಿನ್ನೋದು ಹೆಚ್ಚಾಯ್ತು ಅಂತ."

ಅಂದಿನಿಂದ ಆ ಮನೆಯಲ್ಲಿ ಅತ್ತೆ ಎಲ್ಲಿ ಕೂತರೂ ತಪ್ಪಾಯಿತು.

ಇತ್ತ ಮೇಷ್ಟ್ರ ಕೋಣೆಯಲ್ಲಿ ನಡೆಯುತ್ತಿದ್ದದ್ದು ಇನ್ನೊಂದು. ಪಾಠದ ಕೊನೆಯಲ್ಲಿ ಮೀಟರಪ್ಪನಿಗೂ ಸ್ವಲ್ಪ ಹೊತ್ತು ಬಾರಿಸಲು ಬಿಡುತ್ತಿದ್ದರು. ಅವನು ಪಿಯಾನೊದ ಮುಚ್ಚಳ ತೆಗೆಯುವ ಮುಂಚೆ ಅಭ್ಯಾಸ ಬಲದಿಂದ ಟಕ್ ಟಕ್ ಎಂದು ಬಡಿದು "ನೀರು" ಎನ್ನುತ್ತಿದ್ದ. ಮೇಷ್ಟ್ರು ಕಿವಿ ನಿಮಿರಿಸಿದರು. ತಮ್ಮದು ಹಳೇ ಸರಕು ಎಂಬ ಅಳುಕು ಅವರಿಗೆ ಒಳಗೊಳಗೇ ಇತ್ತು. ಈಗಿನ ಕಾಲದ ರಾಕ್‌ನವರು ಹೀಗೆ ಶುರು ಮಾಡುತ್ತಾರೆ ಎಂದುಕೊಂಡರು. ಪ್ರಶ್ನೆ ಕೇಳಬೇಡ ಎಂದು ಶಿಷ್ಯನಿಗೆ ಹೇಳಿದವರು ತಾವು ಹೇಗೆ ಕೇಳುತ್ತಾರೆ. ಅವನು ಹೋದ ಮೇಲೆ ಕನ್ನಡಿ ಮುಂದೆ ನಿಂತು, ಅದರ ಮರದ ಚೌಕಟ್ಟು ಬಡಿದು, "ನೀರು" ಎಂದು ಗುಡುಗಿ ನೋಡಿದರು. ಮಜವಾಗಿತ್ತು. ಮತ್ತೆ ಗುಡುಗಿದರು. ಮೇಲಿನ ಮನೆಯ ನರ್ಸಮ್ಮ ತಂಬಿಗೆ ಹಿಡಿದು ಮೆಟ್ಟಿಲಿಳಿದು ಬಂದಳು.

"ಏನಾಯ್ತು ಮೇಷ್ಟ್ರೇ, ಎದೆ ಉರಿನಾ?"

"ಸಂಗೀತ" ಎಂದರು ಮೇಷ್ಟ್ರು.

"ಅದಕ್ಕೂ ಮಾತ್ರೆ ಇದೆ" ಎಂದು ನರ್ಸಮ್ಮ ತಂಬಿಗೆ ಇಟ್ಟು ಹೋದಳು.

ಹೀಗೆ ಗುರುವಿನ ಇಳಿಜಾರು ಶಿಷ್ಯನಿಗೂ, ಶಿಷ್ಯನ ನೀರು ಗುರುವಿಗೂ ಹತ್ತಿತು. ಇಬ್ಬರಿಗೂ ಎದುರಿನವನು ದೊಡ್ಡ ಕಲಾವಿದನಾಗಿ ಕಾಣತೊಡಗಿದ.

ಅಷ್ಟರಲ್ಲಿ ಪುರಭವನಕ್ಕೆ ಹಳೇ ಸ್ಟೂಲಿನ ಕಥೆ ಗೊತ್ತಿಲ್ಲದ ಹೊಸ ಸಮಿತಿ ಬಂದು, ಸುಣ್ಣ ಬಣ್ಣವಾಗಿ ಹೊಸ ಪಿಯಾನೊ ಬಂತು. ಪ್ರತಿ ಶನಿವಾರ ಸಂಜೆ ಬಾರಿಸಲು ಒಬ್ಬ ಕಾಯಂ ಕಲಾವಿದ ಬೇಕು, ಆಸೆಯಿದ್ದವರು ಹೆಸರು ಕೊಟ್ಟು ಬಂದು ಬಾರಿಸಿ ತೋರಿಸಲಿ ಎಂದು ಸಾರಿದರು.

"ಆ ವೇದಿಕೆ ಮೇಲೆ ಮತ್ತೆ ಕೂರ್ಬೇಕು ಕಣೋ" ಎಂದರು ಮೇಷ್ಟ್ರು. "ಒದ್ದು ಹೊರಗೆ ಹಾಕಿದ ಜಾಗ. ಅಲ್ಲಿ ಕೂತು ಬಾರಿಸಿ ಸತ್ತರೂ ಚಿಂತೆ ಇಲ್ಲ. ಬೇರೇನೂ ಬೇಡ ನನಗೆ."

"ನಿಮಗಲ್ಲದೆ ಇನ್ಯಾರಿಗೆ ಸಿಗುತ್ತೆ ಮೇಷ್ಟ್ರೇ" ಎಂದ ಮೀಟರಪ್ಪ. ಅದೇ ದಿನ ಬೆಳಗ್ಗೆ ಅವನೂ ಹೆಸರು ಕೊಟ್ಟು ಬಂದಿದ್ದ. ಶನಿವಾರದ ಕುರ್ಚಿ ತನ್ನದೇ ಎಂದು ಕಚೇರಿಗೆಲ್ಲ ಹೇಳಿಯೂ ಆಗಿತ್ತು. ಇದನ್ನು ಮೇಷ್ಟ್ರಿಗೆ ಹೇಳಬೇಕು ಎಂದು ಅವನಿಗೆ ಅನಿಸಿತು. ಆದರೆ ಅಷ್ಟರಲ್ಲಿ ಹಾಲು ಉಕ್ಕಿತು.

ಆಯ್ಕೆಯ ಸಂಜೆ ಪುರಭವನ ತುಂಬಿತ್ತು. ಆಯ್ಕೆ ಮಾಡುವವರು ಸಾಂಸ್ಕೃತಿಕ ಸಮಿತಿಯ ಅಧ್ಯಕ್ಷರು. ಅವರಿಗೆ ಟೈರ್ ಅಂಗಡಿ. ಟೈರು ಮಾರಿ ಮೇಲೆ ಬಂದವರಾದ್ದರಿಂದ ಲೋಕದ ಸಕಲ ವಿದ್ಯೆಯನ್ನೂ ಟೈರಿನಿಂದಲೇ ಅಳೆಯುತ್ತಿದ್ದರು. ಮೊದಲು ಬಾರಿಸಿದ ಇಬ್ಬರಿಗೆ "ಗಾಳಿ ಕಡಿಮೆ" ಎಂದು ಹೇಳಿ ಕಳಿಸಿದ್ದರು.

ಮೂರನೆಯವನಾಗಿ ಮೀಟರಪ್ಪನನ್ನು ಕರೆದಾಗ ಮೇಷ್ಟ್ರು ಪಕ್ಕದವರಿಗೆ, "ನನ್ನ ಜೊತೆಗೆ ಬಂದವನು, ತಪ್ಪಿ ಕರೆದಿದ್ದಾರೆ" ಎಂದರು. ಅವನು ಎದ್ದು ಹೋದದ್ದು ನೋಡಿ ಬಾಯಿ ಮುಚ್ಚಿದರು.

ಮೀಟರಪ್ಪ ಹೊಸ ಪಿಯಾನೊದ ಮುಚ್ಚಳ ಬಡಿದು "ನೀರು" ಎಂದ. ಪುರಭವನದ ಜವಾನ ಓಡಿ ಬಂದು ಬಾಟಲಿ ಕೊಟ್ಟ. ಅಧ್ಯಕ್ಷರು ಪಕ್ಕದವರಿಗೆ, "ಕೇಳೋ ಗತ್ತು ನೋಡಿ. ದೊಡ್ಡವನೇ ಇರ್ಬೇಕು" ಎಂದರು.

ಬಾರಿಸಿದ. ನಾಲ್ಕನೆಯ ಸಾಲಿಗೆ ಸರಿಯಾಗಿ ಜಗ್ಗಿದ.

ಪುರಭವನದ ನೆಲ ಸಪಾಟು, ಮೇಲೆ ಹೊಸ ಪಾಲಿಶ್. ಪಿಯಾನೊದ ಚಕ್ರ ಉರುಳದಂತೆ ಹಿಡಿಯಲು ಒಂದು ಗುಂಡಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಪಿಯಾನೊ ಕರೆದ ಕರುವಿನ ಹಾಗೆ ಅವನ ಹೊಟ್ಟೆಗೆ ಬಂದು ತಾಗಿತು. ಅವನು ಸ್ಟೂಲನ್ನು ಹಿಂದಕ್ಕೆ ಸರಿಸಿ ಬಾರಿಸಿದ. ಮತ್ತೆ ಜಗ್ಗಿದ. ಮತ್ತೆ ಬಂತು. ಮತ್ತೆ ಸರಿದ. ಹಾಡು ನಡೆದ ಹಾಗೆ ಮನುಷ್ಯ, ಸ್ಟೂಲು, ಪಿಯಾನೊ ಮೂರೂ ಮೆರವಣಿಗೆ ಹೊರಟವು. ನಡುವೆ ಒಮ್ಮೆ ಎಡಕ್ಕೆ ದುರುಗುಟ್ಟಿದ. ಮುಂದಿನ ಸಾಲಿನಲ್ಲಿ ಅಲ್ಲಿ ಕೂತಿದ್ದವರು ಅಧ್ಯಕ್ಷರು.

"ನನ್ನನ್ನೇ ನೋಡಿದ" ಎಂದರು ಅವರು, ಎದೆ ಮುಟ್ಟಿಕೊಂಡು. "ಈ ಹಾಡು ನನಗೇ ಹೇಳ್ತಿದ್ದಾನೆ."

ಕೊನೆಗೆ ಮೀಟರಪ್ಪ ಪೂರ್ತಿ ಪರದೆಯ ಹಿಂದೆ ಹೋದ. ವೇದಿಕೆಯ ಮೇಲೆ ಕಾಣುತ್ತಿದ್ದದ್ದು ಪಿಯಾನೊದ ಹಿಂಭಾಗ ಮಾತ್ರ. ಹಾಡು ಅಲ್ಲಿಂದಲೇ ಮುಗಿಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

"ಇದಪ್ಪಾ ಗ್ರಿಪ್ಪು" ಎಂದರು ಅಧ್ಯಕ್ಷರು.

ನಾಲ್ಕು ಜನ ಸೇರಿ ಪಿಯಾನೊವನ್ನು ಮಧ್ಯಕ್ಕೆ ತಳ್ಳಿದರು. ಈಗ ಗುಡುಗು ಮೇಷ್ಟ್ರ ಸರದಿ. ಸಿಟ್ಟು, ಬೆರಗು, ಹೊಟ್ಟೆಕಿಚ್ಚು ಎಲ್ಲ ಒಟ್ಟಿಗೆ ಹೊತ್ತು ಹೋಗಿ ಕೂತರು. ಟಕ್ ಟಕ್ ಎಂದು ಬಡಿದು "ನೀರು" ಎಂದು ಗುಡುಗಿದರು.

ಯಾರೋ ಹಿಂದಿನಿಂದ "ನಕಲು" ಎಂದರು.

ಮೇಷ್ಟ್ರು ಬಾರಿಸಿದರು. ಕೈ ಅದ್ಭುತವಾಗಿ ಓಡಿತು, ಆದರೆ ಕೈ ನೋಡುವವರು ಯಾರು. ಅವರ ಎಡಗಾಲು ತಾನಾಗಿಯೇ ಹೋಗಿ ಸಿಕ್ಕಿಕೊಂಡು ಜಗ್ಗಿತು. ಕತ್ತು ತಾನಾಗಿಯೇ ತಿರುಗಿ ದುರುಗುಟ್ಟಿತು. ಸಭೆಯಲ್ಲಿ ನಗೆಯೋ ನಗೆ. ಪಿಯಾನೊ ಪರದೆ ಮುಟ್ಟುವಾಗ ಅಧ್ಯಕ್ಷರೇ ಎದ್ದು ಕೈ ಎತ್ತಿ ನಿಲ್ಲಿಸಿದರು.

"ಅಜ್ಜಾ, ಇಷ್ಟು ವಯಸ್ಸಾಗಿ ಇನ್ನೊಬ್ಬರದ್ದು ಕದ್ದು ಬಾರಿಸ್ತೀರಲ್ಲ. ಅವರು ಹೋಗಿ ಇನ್ನೂ ಹತ್ತು ನಿಮಿಷ ಆಗಿಲ್ಲ."

ಮೀಟರಪ್ಪ ಅಲ್ಲಿಗೆ ಓಡಿ ಬಂದ. ಮೋಸಗಾರ ಎಂದು ಅವನನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. "ಸಾರ್, ಇವರೇ ನನ್ನ ಗುರುಗಳು. ಎಲ್ಲ ಇವರಿಂದಲೇ ಕಲಿತದ್ದು."

ಅಧ್ಯಕ್ಷರು ಸಭೆಯ ಕಡೆ ತಿರುಗಿದರು. "ವಿನಯ ನೋಡಿ."

"ವಿನಯ ಅಲ್ಲ ಸಾರ್, ನಿಜ."

"ಇನ್ನೂ ವಿನಯ."

ಮೀಟರಪ್ಪ ಎಷ್ಟು ಹೇಳಿದರೆ ಅಷ್ಟು ದೊಡ್ಡವನಾಗುತ್ತ ಹೋದ. ಕೊನೆಗೆ ಅಧ್ಯಕ್ಷರು ತೀರ್ಪು ಕೊಟ್ಟರು. ಶನಿವಾರದ ಕುರ್ಚಿ ಮೀಟರಪ್ಪನಿಗೆ. "ಈ ಅಜ್ಜನನ್ನೂ ಕೈಬಿಡೋದು ಬೇಡ. ಇವರ ಹತ್ತಿರ ಶಿಷ್ಯ ಆಗಿರ್ಲಿ, ಶಿಸ್ತಾಗಿ ಕಲೀಲಿ. ಸ್ಟೆಪ್ನಿ ಅಂತ ಒಂದು ಇದ್ದರೆ ಒಳ್ಳೇದು."

ಜನ ಹೋದ ಮೇಲೆ ಮೇಷ್ಟ್ರು ಅವನನ್ನು ಓಣಿಯಲ್ಲಿ ಹಿಡಿದರು.

"ಹೆಸರು ಕೊಟ್ಟಿದ್ದು ಯಾಕೆ ಹೇಳ್ಲಿಲ್ಲ?"

"ಪ್ರಶ್ನೆ ಕೇಳ್ಬೇಡ ಅಂದಿದ್ರಿ."

"ಅದು ಪ್ರಶ್ನೆ ಅಲ್ಲ ಕಣೋ, ಸುದ್ದಿ." ಕಲಾವಿದರಿಗಿರುವ ಚಪಲ ತಡೆಯಲಾರದೆ ಕೇಳಿದರು. "ಹೋಗ್ಲಿ, ಆ ಪಿಯಾನೊ ಎಳೆಯೋದನ್ನ ಎಲ್ಲಿ ಕಲಿತೆ?"

"ನಿಮ್ಮಿಂದ."

"ಜನ ಹೋದ್ರು. ವಿನಯ ಸಾಕು."

"ನಿಮ್ಮಾಣೆ ಮೇಷ್ಟ್ರೇ. ಮನೇಲಿ ದಿನಾ ಎಳೀತೀರಿ. ಈಗಲೂ ಎಳೆದ್ರಿ."

ಮೇಷ್ಟ್ರು ತಮ್ಮ ಎಡಗಾಲನ್ನು ಬಗ್ಗಿ ನೋಡಿದರು. "ಮನೇಲಿ ನೆಲ ಇಳಿಜಾರು ಕಣೋ. ಎಳೀದಿದ್ರೆ ಗೋಡೆಗೆ ಹೋಗುತ್ತೆ."

"ಮತ್ತೆ ಆ ಎಡಕ್ಕೆ ನೋಡೋದು?"

"ಹಾಲು."

ಮೀಟರಪ್ಪ ಗೋಡೆಗೆ ಒರಗಿದ. ಇಸ್ತ್ರಿ ಮೇಜು ಬಿದ್ದು ಕಪ್ಪಗಾದ ಹೊಟ್ಟೆ, ಮಾತು ಬಿಟ್ಟ ಅತ್ತೆ, ಎಲ್ಲ ಹಾಲಿಗಾಗಿ.

"ನಿನ್ನದಾದ್ರೂ ಹೇಳು" ಎಂದರು ಮೇಷ್ಟ್ರು. "ಬಡಿದು ನೀರು ಅಂತೀಯಲ್ಲ, ಅದರ ಅರ್ಥ ಏನು?"

"ಅದು ಡ್ಯೂಟಿ ಮೇಷ್ಟ್ರೇ. ಮನೆ ಮನೆಗೆ ಹೋಗಿ ಅಂದು ಅಂದು ಬಾಯಿಗೆ ಬರುತ್ತೆ."

ಈಗ ಮೇಷ್ಟ್ರೂ ಗೋಡೆಗೆ ಒರಗಿದರು. ಇಬ್ಬರು ಮಹಾ ಕಲಾವಿದರು ಓಣಿಯಲ್ಲಿ ಆಚೆ ಒಬ್ಬ ಈಚೆ ಒಬ್ಬ ನಿಂತಿದ್ದರು.

"ನಾಳೆ ಹೋಗಿ ಹೇಳಿಬಿಡ್ಲಾ?" ಎಂದ ಮೀಟರಪ್ಪ, ಹೇಳುವ ಮನಸ್ಸು ಅಷ್ಟೇನೂ ಇಲ್ಲದ ದನಿಯಲ್ಲಿ.

"ಹೇಳಿದ್ರೆ ಇಬ್ಬರಿಗೂ ಇಲ್ಲ." ಮೇಷ್ಟ್ರು ಕೋಟು ಸರಿಮಾಡಿಕೊಂಡರು. "ಶಿಷ್ಯ ಅಂದ್ರಲ್ಲ, ಶಿಷ್ಯನೇ ಆಗ್ತೀನಿ. ಸ್ಟೂಲಿನ ಬದಲು ಬೆಂಚು ಹಾಕಿಸಿ ಒಂದು ತುದಿ ಕೊಡು, ಸಾಕು."

ಮೀಟರಪ್ಪನಿಗೆ ಕಣ್ಣು ತುಂಬಿ ಬಂತು. ಎಂಥ ದೊಡ್ಡ ಮನಸ್ಸು ಎಂದುಕೊಂಡ. ಪ್ರಶ್ನೆ ಕೇಳುವ ಅಭ್ಯಾಸ ಆಗಲೂ ಆಗಲಿಲ್ಲ.

ಮೊದಲ ಶನಿವಾರ ಉದ್ದ ಬೆಂಚಿನ ನಡುವೆ ಮೀಟರಪ್ಪ, ಎಡ ತುದಿಯಲ್ಲಿ ಮೇಷ್ಟ್ರು. ದಪ್ಪ ಸ್ವರಗಳು ಮಾತ್ರ ಶಿಷ್ಯನದ್ದು. ಎರಡನೆಯ ಶನಿವಾರ ಮೇಷ್ಟ್ರು ಒಂದು ಗೇಣು ಒಳಗೆ ಬಂದರು. ಮೂರನೆಯದಕ್ಕೆ ಇನ್ನೊಂದು ಗೇಣು. ಅವರು ಮೈಕೈ ತುಂಬಿದವರು, ಕೂತರೆ ಕೂತ ಜಾಗ ಅವರದಾಗುತ್ತಿತ್ತು. ಗುರುವಾದವನು ಸಭೆಯ ಮುಂದೆ ಶಿಷ್ಯನನ್ನು ಹಿಂದಕ್ಕೆ ತಳ್ಳಿದರೆ ಚೆನ್ನಾಗಿರುತ್ತದೆಯೇ. ಮೀಟರಪ್ಪ ಬಲಕ್ಕೆ ಸರಿದ. ಬೇಸಿಗೆ ಬಲಿಯುವಷ್ಟರಲ್ಲಿ ಮೇಷ್ಟ್ರು ನಡುಮಧ್ಯೆ ಕೂತು ಎರಡೂ ಕೈಯಲ್ಲಿ ಗುಡುಗುತ್ತಿದ್ದರು. ಮೀಟರಪ್ಪ ಬಲ ತುದಿಯಲ್ಲಿ ಅರ್ಧ ಪೃಷ್ಠ ಊರಿ, ಕೊನೆಯ ಮೂರು ಕೀಗಳನ್ನು ಕಿಣಿಕಿಣಿ ಅನ್ನಿಸುತ್ತಿದ್ದ. ಎಡಕ್ಕೆ ದುರುಗುಟ್ಟುವಾಗ ಮಾತ್ರ ಅವನ ಕಣ್ಣಿಗೆ ಹಿಂದೆಂದೂ ಇಲ್ಲದ ಅರ್ಥ ಬರುತ್ತಿತ್ತು, ಏಕೆಂದರೆ ಈಗ ಎಡಕ್ಕೆ ಇದ್ದವರು ಮೇಷ್ಟ್ರು.

"ಗುರುವಿನ ದೃಷ್ಟಿ ಶಿಷ್ಯನ ಮೇಲೇ ಇರುತ್ತೆ ನೋಡಿ" ಎಂದು ಜನ ಕೊಂಡಾಡಿದರು.

"ಮನೇಲಿ ನನ್ನ ನೋಡ್ತಿದ್ದ ಹಾಗೇ ನೋಡ್ತಾರೆ" ಎಂದರು ಅತ್ತೆ. "ಪಾಪ ಆ ಮುದುಕ."

ಭಾವಮೈದುನ ಮಾತ್ರ ಒಂದು ದಿನ ಬೆಂಚಿಗೆ ಟೇಪು ಹಿಡಿದು ನೋಡಿ, ಮೀಟರಪ್ಪನನ್ನು ಪಕ್ಕಕ್ಕೆ ಕರೆದ. "ಭಾವ, ಇದು ಅಪಘಾತದ ಲಕ್ಷಣ ಅಲ್ಲ. ಒತ್ತುವರಿ."

"ಬಿಡಪ್ಪ, ವಯಸ್ಸಾದವರು."

ಮುಂದಿನ ಶನಿವಾರ ಹಾಡು ಏರಿದಾಗ ಮೀಟರಪ್ಪ ಬೆಂಚಿನಿಂದ ಕೆಳಗೆ ಬಿದ್ದ. ಮೇಷ್ಟ್ರು ತಲೆ ತಿರುಗಿಸಲಿಲ್ಲ. ಅವನು ಬಿಟ್ಟ ಆ ಮೂರು ಕೀಗಳನ್ನೂ ತಾವೇ ಸೇರಿಸಿಕೊಂಡು ಹಾಡು ಮುಗಿಸಿದರು. ಆ ಮೂರು ಸೇರಿದ್ದರಿಂದ ಹಾಡು ತುಂಬಿ ಬಂದಿತ್ತೆಂದು ಅಂದು ಕೇಳಿದವರು ಈಗಲೂ ಹೇಳುತ್ತಾರೆ.

ಅಧ್ಯಕ್ಷರು ವೇದಿಕೆ ಹತ್ತಿದರು. "ಮಹನೀಯರೇ, ಗುರು ಬೇಕಂತಲೇ ಬಿದ್ದು ಶಿಷ್ಯನನ್ನು ಪರೀಕ್ಷೆ ಮಾಡಿದ್ದಾರೆ. ಸ್ಟೆಪ್ನಿ ಇವತ್ತು ಗಾಡಿ ಎಳೆದಿದೆ. ಇನ್ನು ಗುರುಗಳನ್ನು ದುಡಿಸೋದು ಸರಿಯಲ್ಲ."

ಹೀಗೆ ಮೀಟರಪ್ಪನಿಗೆ ಬೀಳ್ಕೊಡುಗೆ ಏರ್ಪಾಟಾಯಿತು. ಶನಿವಾರ ಸಂಗೀತಕ್ಕೆ ಬೇಕು, ಆದ್ದರಿಂದ ವಾರದ ಮಧ್ಯೆ ಇಟ್ಟರು. ಮಹಾಗುರು ಎಂದು ಬರೆದ ಬಟ್ಟೆ ಕಟ್ಟಿದ್ದರು. ಬೆಸ್ಟ್ ಶಿಷ್ಯ ಎಂಬ ಕಪ್ಪನ್ನು ಗುಡುಗು ಮೇಷ್ಟ್ರಿಗೆ, ಅವರ ಎಪ್ಪತ್ತನೆಯ ವಯಸ್ಸಿನಲ್ಲಿ, ಮೀಟರಪ್ಪನ ಕೈಯಿಂದಲೇ ಕೊಡಿಸಿದರು. ಮೇಷ್ಟ್ರು ಮೈಕಿನ ಮುಂದೆ ನಿಂತು ಒಂದೇ ಮಾತು ಹೇಳಿದರು. "ಇವರು ಇಲ್ಲದಿದ್ರೆ ಈ ಬೆಂಚಿನ ಮೇಲೆ ನಾನು ಕೂರ್ತಿರ್ಲಿಲ್ಲ." ಅದು ಅಕ್ಷರಶಃ ನಿಜವಾಗಿತ್ತು. ಹೇಳಿ, ಕಪ್ಪನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

ಆಮೇಲೆ ಮೇಷ್ಟ್ರು ಹೋಗಿ ಪಿಯಾನೊದ ಮುಂದೆ ಕೂತರು. ಜನ ಆ ಕಡೆ ತಿರುಗಿದರು.

"ರೀ, ನಿಜ ಏನು ಅಂತ ಹೇಳ್ಬಾರ್ದಿತ್ತಾ?" ಎಂದಳು ಹೆಂಡತಿ, ಅವನ ಕೈಯ ಹೂಗುಚ್ಛ ಇಸಿದುಕೊಳ್ಳುತ್ತ.

"ಹೇಳಿದ್ನಲ್ಲೇ. ವಿನಯ ಅಂದ್ರು."

ಅವಳು ಹೊರಟಳು. ಅವನು ಪಕ್ಕದ ಬಾಗಿಲಲ್ಲಿ ನಿಂತುಬಿಟ್ಟ. ಹಾಡು ಚೆನ್ನಾಗಿತ್ತು, ಅದು ಮುಗಿಯುವ ತನಕ ನಿಂತಿದ್ದ. ಆಮೇಲೆ ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದ. ಅಂದು ಬುಧವಾರ, ಶನಿವಾರ ಇನ್ನು ಅವನದಲ್ಲ.